ಆಟದ ಮನೆ ನೆರೂಲಿನಲ್ಲೋ, ಅಂಧೇರಿಯಲ್ಲೋ?

ಫುಟ್‌ಬಾಲ್ ತಂಡಕ್ಕೆ ಹನ್ನೊಂದು ಆಟಗಾರರು ಸಿಕ್ಕರೆ ಸಾಕು, ಆದರೆ ಅದಕ್ಕೊಂದು ಮನೆ ಸಿಗುವುದು ಕಷ್ಟ. ಮುಂಬಯಿ ಸಿಟಿ ಎಫ್.ಸಿ.ಯ ಕಥೆ ನೋಡಿ. 2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಜೊತೆಗೇ ಹುಟ್ಟಿದ ಈ ತಂಡ ಮೊದಲ ಎರಡು ಹಂಗಾಮುಗಳನ್ನು ಆಡಿದ್ದು ನವಿಮುಂಬಯಿಯ ನೆರೂಲಿನಲ್ಲಿ, ಡಿ.ವೈ. ಪಾಟೀಲ್ ಸ್ಟೇಡಿಯಮ್ಮಿನಲ್ಲಿ. ಮೊದಲ ಮನೆಯಾಟದಲ್ಲೇ ಪುಣೆ ತಂಡಕ್ಕೆ ಐದು ಗೋಲು ಹೊಡೆಯಿತು. 2015ರಲ್ಲಿ ಸುನಿಲ್ ಛೇತ್ರಿ ಲೀಗಿನಲ್ಲಿ ಭಾರತೀಯನೊಬ್ಬನ ಮೊದಲ ಹ್ಯಾಟ್ರಿಕ್ ಬಾರಿಸಿದ್ದೂ ಇದೇ ತಂಡಕ್ಕಾಗಿ. 2016ರಲ್ಲಿ ತಂಡ ಗಂಟುಮೂಟೆ ಕಟ್ಟಿಕೊಂಡು ಅಂಧೇರಿಗೆ ಹೋಯಿತು.

ಬೇರೆ ದೇಶಗಳಲ್ಲಿ ಜಗಳ ಏಳುವುದು ತಂಡ ಪೇಟೆ ಬಿಟ್ಟು ಹೊರವಲಯಕ್ಕೆ ಹೊರಟಾಗ. ನಮ್ಮಲ್ಲಿ ಉಲ್ಟಾ. ಹೊರವಲಯದಲ್ಲಿ ಹುಟ್ಟಿದ್ದು ಒಳಗೆ ಹೋಯಿತು. ಠಾಣೆ, ಡೊಂಬಿವಲಿ, ಕಲ್ಯಾಣದ ಹುಡುಗರು ಇಂದಿಗೂ ಕೇಳುವ ಪ್ರಶ್ನೆ ಒಂದೇ: ವಾಪಸು ನಮ್ಮ ಕಡೆ ಬರಬಾರದೇಕೆ? ಎರಡೂ ಪಕ್ಷಗಳ ಮಾತನ್ನು ಸ್ವಲ್ಪ ತೂಗಿ ನೋಡೋಣ.

ಮೊದಲು ಅಂಧೇರಿ ಪಕ್ಷ. ನೆರೂಲಿನದು ಮೂಲತಃ ಕ್ರಿಕೆಟ್ ಮೈದಾನ. 2008ರಲ್ಲಿ ತೆರೆಯಿತು, ಮೊದಲ ಐ.ಪಿ.ಎಲ್. ಫೈನಲ್ ಅಲ್ಲೇ ನಡೆಯಿತು. ಕ್ರಿಕೆಟ್ಟಿಗೆ ದುಂಡನೆಯ ಅಂಗಳ ಬೇಕು. ಫುಟ್‌ಬಾಲಿಗೆ ಬೇಕಾದದ್ದು 105 ಮೀಟರ್ ಉದ್ದ, 68 ಮೀಟರ್ ಅಗಲದ ಚೌಕ. ದುಂಡಗಿನ ತಟ್ಟೆಯಲ್ಲಿ ಚೌಕ ಬರ್ಫಿ ಇಟ್ಟ ಹಾಗೆ, ಸುತ್ತ ಜಾಗ ಖಾಲಿ ಉಳಿಯುತ್ತದೆ. ನೋಡುವವನಿಗೂ ಆಡುವವನಿಗೂ ನಡುವೆ ಅಷ್ಟು ದೂರ. ಅಲ್ಲದೆ ಐವತ್ತು ಸಾವಿರದ ಆಸುಪಾಸು ಜನ ಹಿಡಿಸುವ ಕಡೆ ಎಂಟು ಸಾವಿರ ಜನ ಬಂದರೆ, ದೊಡ್ಡ ಮದುವೆ ಛತ್ರದಲ್ಲಿ ನಾಮಕರಣ ಇಟ್ಟುಕೊಂಡಂತೆ ಕಾಣುತ್ತದೆ. ಅಂಧೇರಿಯದು ಚಿಕ್ಕದು, ಏಳೆಂಟು ಸಾವಿರಕ್ಕೇ ತುಂಬಿಬಿಡುತ್ತದೆ. ಆದರೆ ಕೂಗು ನೇರ ಆಟಗಾರನ ಕಿವಿಗೆ ಬೀಳುತ್ತದೆ.

ಈ ವಾದ ಪೊಳ್ಳಲ್ಲ. ಬಾರ್ಸಿಲೋನಾದ ಎಸ್ಪಾನ್ಯೋಲ್ ತಂಡ ಸಾಲ ತೀರಿಸಲು ತನ್ನ ಹಳೆಯ ಸಾರಿಯಾ ಮೈದಾನ ಮಾರಿ, 1997ರಲ್ಲಿ ಗುಡ್ಡದ ಮೇಲಿನ ಒಲಿಂಪಿಕ್ ಸ್ಟೇಡಿಯಮ್ಮಿಗೆ ಹೋಯಿತು. ಓಟದ ಟ್ರ್ಯಾಕಿನ ಆಚೆ ಕೂತು ಜನ ಬೇಸತ್ತರು. ಕೊನೆಗೆ 2009ರಲ್ಲಿ ಹೊರವಲಯದ ಕೊರ್ನೆಯಾದಲ್ಲಿ ಫುಟ್‌ಬಾಲಿಗೆಂದೇ ಕಟ್ಟಿದ ಮೈದಾನಕ್ಕೆ ಬಂದರು. ನಮ್ಮ ಬೆಂಗಳೂರು ಎಫ್.ಸಿ. ಕೂಡ ಅಶೋಕನಗರದ ಫುಟ್‌ಬಾಲ್ ಮೈದಾನದಲ್ಲಿ ಆಡಿ ಮೊದಲ ವರ್ಷವೇ ಐ-ಲೀಗ್ ಗೆದ್ದು, ಆಮೇಲೆ ಕಂಠೀರವಕ್ಕೆ ಹೋಯಿತು. ಅಲ್ಲೂ ನಡುವೆ ಟ್ರ್ಯಾಕು. ಇದರಿಂದ ತಿಳಿಯುವುದೇನು? ಊರಿನ ಮಧ್ಯವೋ ಅಂಚೋ ಅನ್ನುವುದಕ್ಕಿಂತ, ಆ ಮೈದಾನ ಯಾವ ಆಟಕ್ಕೆ ಕಟ್ಟಿದ್ದು ಅನ್ನುವುದೇ ಮುಖ್ಯ.

ಈಗ ನಮ್ಮ ಕಡೆಯವರ ಮಾತು. ಹಳೇ ಮುಂಬಯಿಯ ಫುಟ್‌ಬಾಲ್ ಮನೆ ದಕ್ಷಿಣ ತುದಿಯ ಕೂಪರೇಜ್. ರೋವರ್ಸ್ ಕಪ್ಪಿನ ಗದ್ದಲವೆಲ್ಲ ಅಲ್ಲೇ. ಕನ್ನಡಿಗರು ಮರೆಯಬಾರದ ಸಂಗತಿ ಒಂದಿದೆ: 1891ರಲ್ಲಿ ಶುರುವಾದ ಆ ಕಪ್ಪನ್ನು ಗೆದ್ದ ಮೊದಲ ಭಾರತೀಯ ನಾಗರಿಕ ತಂಡ ಬೆಂಗಳೂರು ಮುಸ್ಲಿಮ್ಸ್, 1937ರಲ್ಲಿ. ಆಗ ದುಡಿಯುವ ಜನ ಗಿರಣಿಗಳ ಸುತ್ತ ಚಾಳುಗಳಲ್ಲಿದ್ದರು. 1982ರ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಬಾಡಿಗೆ ಏರಿತು, ಜನ ಕಲ್ಯಾಣದ ದಿಕ್ಕಿಗೆ ಸರಿದರು. 2011ರ ಜನಗಣತಿಯಲ್ಲಿ ಠಾಣೆ ನಗರದಲ್ಲಿ 18 ಲಕ್ಷ, ಕಲ್ಯಾಣ-ಡೊಂಬಿವಲಿಯಲ್ಲಿ 12 ಲಕ್ಷ, ನವಿಮುಂಬಯಿಯಲ್ಲಿ 11 ಲಕ್ಷ. ಕೂಡಿಸಿದರೆ ನಲವತ್ತು ಲಕ್ಷ ದಾಟಿತು. ಇಷ್ಟು ಜನರನ್ನು 'ಹೊರಗಿನವರು' ಅನ್ನೋಕಾಗುತ್ತದೆಯೇ?

ಇನ್ನು ಲೋಕಲಿನ ಲೆಕ್ಕ. ಡೊಂಬಿವಲಿಯಿಂದ ಅಂಧೇರಿ ಮೈದಾನಕ್ಕೆ ಹೋಗಬೇಕಾದರೆ ಘಾಟ್ಕೋಪರಿನಲ್ಲಿ ಇಳಿದು, 2014ರಲ್ಲಿ ಶುರುವಾದ ಮೆಟ್ರೋ ಹಿಡಿದು ಆಜಾದ್ ನಗರದಲ್ಲಿ ಇಳಿಯಬೇಕು. ಇಲ್ಲವೇ ದಾದರಿಗೆ ಹೋಗಿ ಪಶ್ಚಿಮ ರೈಲಿಗೆ ಬದಲಾಯಿಸಬೇಕು. ನೆರೂಲಿಗಾದರೆ ಠಾಣೆಯಲ್ಲಿ ಬದಲಾಯಿಸಿ, ಐರೋಲಿ, ತುರ್ಭೆ ದಾಟಿದರೆ ಬಂತು. ಗಾಡಿ ಬದಲಾಯಿಸುವುದು ಎರಡು ಕಡೆಗೂ ಒಮ್ಮೆಯೇ. ಆದರೆ ಸಂಜೆ ಆಟ ಮುಗಿದು ರಾತ್ರಿ ಹೊತ್ತು ಹಿಂದಿರುಗುವಾಗ ಅಂಧೇರಿಯಿಂದ ಬಂದವನು ಘಾಟ್ಕೋಪರಿನಲ್ಲಿ ಕರ್ಜತ್-ಕಸಾರಾ ಗಾಡಿಯ ನೂಕುನುಗ್ಗಲಿಗೆ ಸೇರಬೇಕು. ಹುಡುಗಿಯರ ಮನೆಯಲ್ಲಿ "ಬೇಡಮ್ಮಾ, ಟೀವಿಯಲ್ಲೇ ನೋಡು" ಅನ್ನೋದು ಇದಕ್ಕೇ.

ಇದು ಬರೀ ಅನುಕೂಲದ ಮಾತಲ್ಲ. 2025ರ ಜೂನ್ 9ರಂದು ಮುಂಬ್ರಾ ಬಳಿ ಕಿಕ್ಕಿರಿದ ಲೋಕಲುಗಳ ಬಾಗಿಲಲ್ಲಿ ನೇತಾಡುತ್ತಿದ್ದವರು ಹಳಿಗೆ ಬಿದ್ದು ಸತ್ತರು. ಅದಕ್ಕೆ ಐದೇ ದಿನ ಮುಂಚೆ ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಮ್ಮಿನ ಹೊರಗೆ ಕಾಲ್ತುಳಿತದಲ್ಲಿ 11 ಜನ ಪ್ರಾಣ ಬಿಟ್ಟರು. ಆಮೇಲೆ ಆ ವರ್ಷದ ಮಹಿಳಾ ವಿಶ್ವಕಪ್ ಕ್ರಿಕೆಟ್ಟಿನ ಬೆಂಗಳೂರು ಪಂದ್ಯಗಳು ಎಲ್ಲಿಗೆ ಬಂದವು? ಇದೇ ನೆರೂಲಿಗೆ. ನವೆಂಬರ್ 2ರಂದು ನಮ್ಮ ಹೆಣ್ಣುಮಕ್ಕಳು ಕಪ್ ಎತ್ತಿದ್ದೂ ಇಲ್ಲೇ. ಮೈದಾನ ಕಟ್ಟುವವರು ಎಷ್ಟು ಜನ ಕೂರಬಹುದು ಅಂತ ಮಾತ್ರವಲ್ಲ, ಅಷ್ಟೂ ಜನ ಹೇಗೆ ಮನೆ ಸೇರುತ್ತಾರೆ ಅಂತಲೂ ಲೆಕ್ಕ ಹಾಕಬೇಕು.

"ಆದರೆ ಹೊರವಲಯಕ್ಕೆ ಜನ ಬರೋದಿಲ್ಲವಲ್ಲ" ಅಂತೀರಾ? 2017ರಲ್ಲಿ ಹದಿನೇಳರ ಒಳಗಿನವರ ವಿಶ್ವಕಪ್ಪಿನಲ್ಲಿ ಸ್ಪೇನ್-ಮಾಲಿ ಸೆಮಿಫೈನಲ್ ನಡೆದದ್ದು ನೆರೂಲಿನಲ್ಲಿ. 2023ರ ನವೆಂಬರಿನಲ್ಲಿ ಸೌದಿಯ ಅಲ್ ಹಿಲಾಲ್ ಬಂದಾಗ ಮುಂಬಯಿ ಸಿಟಿ ಆಡಿದ್ದೂ ಅಲ್ಲೇ. ಗಾಯಗೊಂಡಿದ್ದ ನೇಮಾರ್ ಬರಲೇ ಇಲ್ಲ, ನಮ್ಮವರು 2-0 ಸೋತರು, ಆದರೂ ಅಂಧೇರಿ ಹಿಡಿಸಲಾರದಷ್ಟು ಜನ ಸೇರಿದ್ದರು. ಅಂದರೆ ಆಟ ದೊಡ್ಡದಾದರೆ ಜನ ಬರುತ್ತಾರೆ. ಪ್ರತಿ ವಾರದ ಸಣ್ಣ ಆಟಕ್ಕೆ ಬರುತ್ತಾರೆಯೇ ಅನ್ನುವುದೇ ನಿಜವಾದ ಸವಾಲು.

ಕ್ರಿಕೆಟ್ಟಿನವರು ಆಗಲೇ ಹೊರಗೆ ನೋಡುತ್ತಿದ್ದಾರೆ. 2024ರಿಂದ ಭಿವಂಡಿ ಕಡೆಯ ಆಮಣೆಯಲ್ಲಿ ಲಕ್ಷ ಜನ ಕೂರುವ ಸ್ಟೇಡಿಯಮ್ಮಿನ ಮಾತು ನಡೆದಿದೆ. ಸಮೃದ್ಧಿ ಮಹಾಮಾರ್ಗ ಬಂದು ಮುಟ್ಟುವ ಊರದು, ಕಾರಿದ್ದವರಿಗೆ ಸುಲಭ. ಲೋಕಲಿನ ಪಾಸು ಮಾತ್ರ ಇದ್ದವನ ಗತಿ?

ನನ್ನ ಮಟ್ಟಿಗೆ ತೀರ್ಮಾನ ಇಷ್ಟು. ಐವತ್ತು ಸಾವಿರದ ಕ್ರಿಕೆಟ್ ಅಂಗಳಕ್ಕೆ ತಂಡವನ್ನು ವಾಪಸು ಎಳೆಯುವುದು ಪರಿಹಾರವಲ್ಲ. ಠಾಣೆಯಿಂದ ನೆರೂಲಿನ ರೈಲುಹಾದಿಯ ಬದಿಯಲ್ಲೇ, ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ಹತ್ತಿರ, ಹದಿನೈದಿಪ್ಪತ್ತು ಸಾವಿರದ ಅಪ್ಪಟ ಫುಟ್‌ಬಾಲ್ ಮೈದಾನ ಬೇಕು. ಅದು ಆಗುವ ತನಕ ಹಂಗಾಮಿಗೆ ಎರಡು ಮೂರು ಆಟವಾದರೂ ಈ ಕಡೆ ಆಡಿಸಲಿ. ಜೊತೆಗೆ ಡೊಂಬಿವಲಿ, ಕಲ್ಯಾಣದಲ್ಲಿ ಇನ್ನೂ ಉಳಿದಿರುವ ಬಯಲುಗಳ ಮೇಲೆ ಕಟ್ಟಡ ಏಳದಿರಲಿ. ಬರಿಗಾಲಲ್ಲಿ ಚೆಂಡು ಒದೆಯಲು ಜಾಗವೇ ಇಲ್ಲದ ಊರಿನ ಪಕ್ಕ ಎಷ್ಟು ದೊಡ್ಡ ಸ್ಟೇಡಿಯಂ ಕಟ್ಟಿದರೂ ಅಲ್ಲಿ ನಾವು ಟಿಕೇಟು ಕೊಂಡವರಾಗಿಯೇ ಉಳಿಯುತ್ತೇವೆ. ಮಿತ್ರರೇ, ನಿಮ್ಮ ವಾದ ಬೇರೆ ಇದ್ದರೆ ಮುಂದಿನ ಸಂಚಿಕೆಗೆ ಬರೆಯಿರಿ.