ಲಿಂಕನ್ ಬೀಚಿ: ಯಂತ್ರವನ್ನರಿತ ಸಾಹಸಿ

ವಿಮಾನವು ಆಕಾಶದಲ್ಲಿ ತಲೆಕೆಳಗಾದಾಗ ಅದರೊಳಗಿನವನು ಏಕೆ ಬೀಳುವುದಿಲ್ಲವೆಂದು ಕಾಪುವಿನ ವಾಚಕರೊಬ್ಬರು ಕೇಳಿದ್ದಾರೆ. ಉಡುಪಿ, ಕಾರ್ಕಳಗಳ ಕಡೆಯ ಉತ್ಸವಗಳಲ್ಲಿ ‘ಮೃತ್ಯುಕೂಪ’ದ ಹಲಗೆಗೋಡೆಯ ಮೇಲೆ ಮೋಟಾರು ಸೈಕಲ್ಲನ್ನು ಅಡ್ಡಡ್ಡವಾಗಿ ಓಡಿಸುವವನನ್ನು ಕಂಡವರಿಗೆ ಉತ್ತರದ ಅರ್ಧಭಾಗವು ಆಗಲೇ ತಿಳಿದಿದೆ: ನೇರವಾಗಿ ಹೊರಕ್ಕೆ ಧಾವಿಸಬೇಕಾದ ಸವಾರನನ್ನು ಗೋಡೆಯು ಕ್ಷಣಕ್ಷಣಕ್ಕೂ ಒಳಕ್ಕೆ ನೂಕಿ ವೃತ್ತದಲ್ಲಿ ತಿರುಗಿಸುತ್ತದೆ, ಆ ಒತ್ತಡವಿರುವುದರಿಂದಲೇ ಚಕ್ರವು ಹಲಗೆಯನ್ನು ಕಚ್ಚಿ ನಿಲ್ಲುತ್ತದೆ. ಆಕಾಶದಲ್ಲಿ ಗೋಡೆಯ ಕಾರ್ಯವನ್ನು ರೆಕ್ಕೆಯ ಮೇಲಣ ವಾಯುಬಲವು ವಹಿಸಿಕೊಳ್ಳುತ್ತದೆ. 40 ಮೀಟರು ತ್ರಿಜ್ಯದ ಲಂಬವೃತ್ತದ ನೆತ್ತಿಯಲ್ಲಿ ಗಂಟೆಗೆ ಸುಮಾರು 72 ಕಿಲೋಮೀಟರಿಗಿಂತ ಹೆಚ್ಚಿನ ವೇಗವುಳಿದಿದ್ದರೆ ಚಾಲಕನು ಆಸನಕ್ಕೆ ಒತ್ತಿಕೊಂಡೇ ಇರುತ್ತಾನೆ.

ಇಂಥ ಲಂಬವೃತ್ತವನ್ನು 1913ರ ಸೆಪ್ಟೆಂಬರಿನಲ್ಲಿ ಕೀವ್ ನಗರದಲ್ಲಿ ರಷ್ಯದ ವೈಮಾನಿಕ ನೆಸ್ತೆರೋವ್ ಮೊದಲು ಸಾಧಿಸಿದನು. ಕೆಲವೇ ದಿನಗಳಲ್ಲಿ ಫ್ರಾನ್ಸಿನ ಪೆಗೂ, ನವೆಂಬರಿನಲ್ಲಿ ಅಮೆರಿಕದ ಲಿಂಕನ್ ಬೀಚಿ. ಈ ಬೀಚಿಯನ್ನು ಹುಚ್ಚುಧೈರ್ಯದವನೆಂದು ಬಗೆಯುವುದು ಅನ್ಯಾಯವೇ ಸರಿ. 1887ರಲ್ಲಿ ಸಾನ್ ಫ್ರಾನ್ಸಿಸ್ಕೋದಲ್ಲಿ ಜನಿಸಿ, ಸೈಕಲ್ಲು, ಮೋಟಾರು ಸೈಕಲ್ಲುಗಳ ದುರಸ್ತಿಯಲ್ಲಿ ಕೈ ಪಳಗಿಸಿಕೊಂಡು, 1905ರಲ್ಲಿ ವಾಯುನೌಕೆಯನ್ನೂ ಅನಂತರ ವಿಮಾನವನ್ನೂ ಏರಿದ ಈತನು 1911ರ ಜೂನಿನಲ್ಲಿ ನಯಾಗರಾ ಜಲಪಾತದ ಬಳಿಯ ಸೇತುವೆಯ ಕೆಳಗೆ ಹಾರಿದನು. ಆಗಸ್ಟಿನಲ್ಲಿ ಷಿಕಾಗೋದಲ್ಲಿ, ಇಂಧನ ತೀರುವವರೆಗೂ ಏರಿ 11,642 ಅಡಿ ಮುಟ್ಟಿ, ನಿಂತ ಎಂಜಿನ್ನಿನೊಡನೆಯೇ ತೇಲುತ್ತ ಇಳಿದನು. ಮೋಟಾರುಪಂದ್ಯಗಳ ವೀರ ಬಾರ್ನಿ ಓಲ್ಡ್‌ಫೀಲ್ಡನ ಕಾರಿನೊಡನೆ ತನ್ನ ವಿಮಾನವನ್ನು ಪಂದ್ಯಕ್ಕೂ ಒಡ್ಡಿದನು.

ಅವನ ಪುಟ್ಟ ಜೋಡಿರೆಕ್ಕೆಯ ವಿಮಾನದಲ್ಲಿದ್ದುದು 80 ಅಶ್ವಶಕ್ತಿಯ ನೋಮ್ ಎಂಜಿನ್ನು. ನಡುವಣ ದಂಡವು ಅಲುಗದೆ ನಿಂತು, ಸಿಲಿಂಡರುಗಳೇ ಪ್ರೊಪೆಲ್ಲರಿನೊಡನೆ ಗರಗರನೆ ಸುತ್ತುವ ವಿಚಿತ್ರ ಯಂತ್ರವದು. ಪೆಟ್ರೋಲಿನೊಡನೆ ಸುಲಭವಾಗಿ ಬೆರೆಯದ ಹರಳೆಣ್ಣೆಯೇ ಅದಕ್ಕೆ ತಕ್ಕ ಜಿಡ್ಡು; ಒಮ್ಮೆ ಬಳಸಿದ ಎಣ್ಣೆಯು ಮತ್ತೆ ಒಳಗೆ ಸೇರದೆ ಹೊಗೆಯೊಡನೆ ಹೊರಕ್ಕೆ ಸಿಡಿಯುತ್ತಿತ್ತು.

1915ರ ಮಾರ್ಚ್ 14ರಂದು, ತನ್ನ ಊರಿನ ಮಹಾಪ್ರದರ್ಶನದಲ್ಲಿ, ಬೀಚಿ ಒಂಟಿರೆಕ್ಕೆಯ ಹೊಸ ವಿಮಾನವನ್ನೇರಿದನು. ಗಾಳಿಗೆ ಅಡ್ಡಬರುವ ತಂತಿ, ಕಂಬಗಳು ಕಡಮೆಯಾದ್ದರಿಂದ ಇಳಿಯುವಾಗ ಅದರ ವೇಗವು ಹೆಚ್ಚು. ವೇಗವು ಇಮ್ಮಡಿಯಾದರೆ, ಅದೇ ವೃತ್ತದಲ್ಲಿ ತಿರುಗಿಸಲು ನಾಲ್ಮಡಿ ಬಲ ಬೇಕು, ಆ ಭಾರವನ್ನೆಲ್ಲ ರೆಕ್ಕೆಯ ತೊಲೆಯೇ ಹೊರಬೇಕು. ತಲೆಕೆಳಗಾಗಿ ಹಾರುತ್ತ ನೀರಿನ ಸಮೀಪಕ್ಕೆ ಬಂದವನು ವಿಮಾನವನ್ನು ಎಳೆದು ಮೇಲೆತ್ತುವಷ್ಟರಲ್ಲಿ ರೆಕ್ಕೆಗಳು ಮುರಿದುಹೋದವು. ಪತನದಿಂದಲ್ಲ, ಕೊಲ್ಲಿಯ ನೀರಿನಲ್ಲಿ ಮುಳುಗಿ ಸತ್ತನೆಂದು ಶವಪರೀಕ್ಷೆಯು ತಿಳಿಸಿತು. ಆಗ ಅವನಿಗೆ 28 ವರ್ಷ. ಮಣಿಪಾಲದಲ್ಲಿ ವಿಮಾನಶಾಸ್ತ್ರವನ್ನೋದುವ ತರುಣ ತರುಣಿಯರು ರೆಕ್ಕೆಯ ತೊಲೆಯ ಲೆಕ್ಕಕ್ಕೆ ಕುಳಿತಾಗ ಈ ಅಪಘಾತವನ್ನೊಮ್ಮೆ ಗಣಿಸಿ ನೋಡಲಿ.