ಉಚಿತ ಬೆಳಕಿಗೆ ಉಚಿತ ಬಳಕೆ

‘ಉಚಿತ’ ಎಂಬ ಪದಕ್ಕೆ ನಮ್ಮ ನುಡಿಯಲ್ಲಿ ಎರಡು ಅರ್ಥಗಳಿವೆ. ಬೆಲೆಯಿಲ್ಲದೆ ದೊರೆಯುವುದು ಒಂದು, ಯೋಗ್ಯವಾದುದು ಇನ್ನೊಂದು. 2023ರಲ್ಲಿ ರಾಜ್ಯ ಸರ್ಕಾರ ಜಾರಿಗೆ ತಂದ ಗೃಹಜ್ಯೋತಿ ಯೋಜನೆಯಿಂದ ನಮ್ಮಲ್ಲಿ ಅನೇಕ ಮನೆಗಳಿಗೆ ವಿದ್ಯುತ್ತು ಮೊದಲನೆಯ ಅರ್ಥದಲ್ಲಿ ಉಚಿತವಾಗಿದೆ. ಎರಡನೆಯ ಅರ್ಥದಲ್ಲಿಯೂ ಅದನ್ನು ಉಚಿತವಾಗಿ ಬಳಸುತ್ತಿದ್ದೇವೆಯೇ ಎಂಬುದು ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ.

‘ನಮ್ಮ ಪಾವಗಡದಲ್ಲಿಯೇ ಇಷ್ಟೊಂದು ವಿದ್ಯುತ್ತು ಹುಟ್ಟುತ್ತಿರುವಾಗ ಉಳಿತಾಯವೇಕೆ?’ ಎನ್ನುವವರುಂಟು. ತಿರುಮಣಿಯ ಸುತ್ತಲಿನ ಐದು ಗ್ರಾಮಗಳಲ್ಲಿ, ರೈತರು ಗುತ್ತಿಗೆಗೆ ಕೊಟ್ಟ ಸುಮಾರು 13,000 ಎಕರೆ ಭೂಮಿಯ ಮೇಲೆ, 2,050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಪಾರ್ಕ್ 2019ರಲ್ಲಿ ಪೂರ್ಣಗೊಂಡಿತು. ಆದರೆ ದೀಪದ ಕೆಳಗೆ ಕತ್ತಲೆ ಎಂಬಂತೆ, ಸಂಜೆ ನಾವು ಸ್ವಿಚ್ ಒತ್ತುವ ಹೊತ್ತಿಗೆ ಆ ಫಲಕಗಳ ದುಡಿಮೆ ಮುಗಿದಿರುತ್ತದೆ. ಮಧುಗಿರಿ, ಶಿರಾ, ಕೊರಟಗೆರೆಗಳಂತೆಯೇ ಪಾವಗಡದ ಮನೆಯ ದೀಪವೂ ಆಗ ಬಹುಮಟ್ಟಿಗೆ ಜಲಾಶಯಗಳ ನೀರನ್ನೂ ಕಲ್ಲಿದ್ದಲನ್ನೂ ಅವಲಂಬಿಸಬೇಕಾಗುತ್ತದೆ. 2023ರಲ್ಲಿ ಮಳೆ ಕೈಕೊಟ್ಟು ಜಲಾಶಯಗಳು ಬರಿದಾದಾಗ, ಅಕ್ಟೋಬರ್ ತಿಂಗಳಲ್ಲಿ ರೈತರ ಪಂಪ್‌ಸೆಟ್ಟುಗಳಿಗೆ ಏಳು ಗಂಟೆಗಳ ಬದಲು ಐದೇ ಗಂಟೆ ವಿದ್ಯುತ್ತು ಎಂಬ ಸ್ಥಿತಿ ಒದಗಿತು. ಕೊಳವೆಬಾವಿಯನ್ನೇ ನಂಬಿದ ನಮ್ಮ ಸೀಮೆಯಲ್ಲಿ ಮನೆಯೊಳಗಿನ ಅಪವ್ಯಯ ಹೊಲದ ಬೆಳೆಯನ್ನು ಮುಟ್ಟದೆ ಬಿಡದು.

ಆದ್ದರಿಂದ ಬಿಸಿಲಿರುವಾಗ ಮಾಡಬಹುದಾದ ಕೆಲಸವನ್ನು ಸಂಜೆಗೆ ತಳ್ಳದಿರುವುದೇ ಮೊದಲ ನಿಯಮ. ತೊಟ್ಟಿಗೆ ನೀರೇರಿಸುವ ಮೋಟಾರು, ಇಸ್ತ್ರಿ, ಗ್ರೈಂಡರ್, ಬಟ್ಟೆ ಒಗೆಯುವ ಯಂತ್ರ ಇವೆಲ್ಲವೂ ಹಗಲಿನಲ್ಲಿ ನಡೆಯಲಿ. ಸಾವಿರ ವಾಟ್‌ನ ಉಪಕರಣ ಒಂದು ಗಂಟೆ ನಡೆದರೆ ಒಂದು ಯೂನಿಟ್. 1,500 ವಾಟ್‌ನ ನೀರು ಕಾಯಿಸುವ ಕಾಯಿಲ್ ಅರ್ಧ ಗಂಟೆಗೆ ಮುಕ್ಕಾಲು ಯೂನಿಟ್ ನುಂಗುತ್ತದೆ. ಬೇಸಿಗೆಯಲ್ಲಿ ಬಿಸಿಲಿಗಿಟ್ಟ ನೀರೇ ಸಂಜೆಯ ಸ್ನಾನಕ್ಕೆ ಸಾಕು. 60 ವಾಟ್‌ನ ಹಳೆಯ ಬಲ್ಬು ದಿನಕ್ಕೆ ಐದು ಗಂಟೆ ಉರಿದರೆ ತಿಂಗಳಿಗೆ 9 ಯೂನಿಟ್. 9 ವಾಟ್‌ನ ಎಲ್‌ಇಡಿ ದೀಪಕ್ಕೆ ಒಂದೂವರೆ ಯೂನಿಟ್ಟೂ ಬೇಡ. ಬಿಸಿ ಸಾರು ಆರಿದ ಮೇಲೆಯೇ ಫ್ರಿಜ್ ಸೇರಲಿ. ಹುರುಳಿ, ಕಡಲೆಗಳನ್ನು ರಾತ್ರಿಯೇ ನೆನೆಹಾಕಿದರೆ ಒಲೆಯ ಉರಿ ಉಳಿಯುತ್ತದೆ. ಟಿ.ವಿ.ಯನ್ನು ರಿಮೋಟಿನಿಂದಷ್ಟೇ ಆರಿಸದೆ ಗೋಡೆಯ ಸ್ವಿಚ್ಚನ್ನೂ ಆರಿಸೋಣ. ತಿಂಗಳ ಬಳಕೆ 200 ಯೂನಿಟ್ ಮೀರಿದರೆ ಪೂರ್ಣ ಬಿಲ್ಲು ತೆರಬೇಕೆಂಬುದನ್ನೂ ಮರೆಯಬಾರದು.

ಮಿತವ್ಯಯವೆಂದರೆ ಜಿಪುಣತನವಲ್ಲ. ಜಿಪುಣನು ತನಗಾಗಿ ಕೂಡಿಡುತ್ತಾನೆ. ಮಿತವ್ಯಯಿಯು ಕಾಣದ ನೆರೆಯವನಿಗಾಗಿ ಉಳಿಸುತ್ತಾನೆ. ಬೆಲೆಯನ್ನು ಬಿಲ್ಲು ತಿಳಿಸುತ್ತದೆ, ಮೌಲ್ಯವನ್ನು ವಿವೇಕವೇ ತಿಳಿಸಬೇಕು. ದಿವಂಗತ ಪೋಪ್ ಫ್ರಾನ್ಸಿಸ್ ಅವರು 2015ರ ‘ಲೌದಾತೊ ಸಿ’ ಪರಿಪತ್ರದಲ್ಲಿ ಅನಗತ್ಯ ದೀಪಗಳನ್ನು ಆರಿಸುವ ಸಣ್ಣ ಕಾರ್ಯವನ್ನೂ ಸೃಷ್ಟಿಯ ಪಾಲನೆಯ ಸಾಲಿನಲ್ಲಿ ಎಣಿಸಿದ್ದಾರೆ.

ಪ್ರಿಯ ಕುಟುಂಬಗಳೇ, ಸಂಜೆಯ ಜಪಸರಕ್ಕೆ ಮನೆಮಂದಿಯೆಲ್ಲ ಒಂದೆಡೆ ಸೇರುವಾಗ ಉಳಿದ ಕೋಣೆಗಳ ದೀಪ, ಫ್ಯಾನುಗಳನ್ನು ಆರಿಸಿಬರುವ ಹೊಣೆಯನ್ನು ಮಕ್ಕಳಿಗೆ ವಹಿಸೋಣ.