ಬ್ಯಾಕಪ್ ಇದ್ದರಷ್ಟೇ ಸಾಲದು, ಮರಳಿ ಬರಬೇಕು: ವೆಬ್‌ಸೈಟ್ ರಕ್ಷಣೆಗೆ ವ್ಯವಸ್ಥೆ ಆರಿಸುವ ಬಗೆ

2021ರ ಮಾರ್ಚ್ 10ರಂದು ನಡುರಾತ್ರಿ ಕಳೆದ ಕೆಲವೇ ಹೊತ್ತಿನಲ್ಲಿ ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್ ನಗರದಲ್ಲಿರುವ ಓವಿಎಚ್ ಸಂಸ್ಥೆಯ ದತ್ತಾಂಶ ಕೇಂದ್ರಕ್ಕೆ ಬೆಂಕಿ ಬಿತ್ತು. ಐದು ಅಂತಸ್ತಿನ ಒಂದು ಕಟ್ಟಡ ಸಂಪೂರ್ಣ ನಾಶವಾಯಿತು. ಪಕ್ಕದ ಮತ್ತೊಂದು ಕಟ್ಟಡದ ಒಂದು ಭಾಗಕ್ಕೂ ಹಾನಿಯಾಯಿತು. ಜೀವಹಾನಿ ಸಂಭವಿಸಲಿಲ್ಲವಾದರೂ ಅಲ್ಲಿನ ಸರ್ವರ್‌ಗಳನ್ನು ಅವಲಂಬಿಸಿದ್ದ ಲಕ್ಷಾಂತರ ವೆಬ್‌ಸೈಟ್‌ಗಳು ಬೆಳಗಾಗುವಷ್ಟರಲ್ಲಿ ಅಂತರ್ಜಾಲದಿಂದ ಕಣ್ಮರೆಯಾಗಿದ್ದವು. ಬೇರೆ ಊರಿನಲ್ಲಿ ಪ್ರತಿ ಇರಿಸಿಕೊಂಡಿದ್ದವರು ಮತ್ತೆ ತಲೆ ಎತ್ತಿದರು. ಅದೇ ಆವರಣದಲ್ಲಿ ಪ್ರತಿಯನ್ನೂ ಇರಿಸಿದ್ದವರ ಪೈಕಿ ಅನೇಕರಿಗೆ ಮೂಲವೂ ಉಳಿಯಲಿಲ್ಲ, ಪ್ರತಿಯೂ ಉಳಿಯಲಿಲ್ಲ. ‘ರಸ್ಟ್’ ಎಂಬ ಜನಪ್ರಿಯ ಗಣಕ ಆಟದ 25 ಸರ್ವರ್‌ಗಳ ಮಾಹಿತಿ ಶಾಶ್ವತವಾಗಿ ಹೋಯಿತು.

ಇಂತಹ ಸುದ್ದಿ ದೂರದೇಶದ್ದೆಂದು ಕನ್ನಡದ ತಾಣಗಳ ನಿರ್ವಾಹಕರು ಸುಮ್ಮನಿರುವಂತಿಲ್ಲ. ಮುದ್ರಿತ ಪತ್ರಿಕೆಯ ಹಳೆಯ ಸಂಚಿಕೆ ಯಾವುದೋ ಗ್ರಂಥಾಲಯದಲ್ಲಿ, ಯಾರದೋ ಮನೆಯ ಅಟ್ಟದಲ್ಲಿ ಸಿಕ್ಕೀತು. ಅಂತರ್ಜಾಲದಲ್ಲಿ ಮಾತ್ರ ಪ್ರಕಟವಾದ ಬರಹಕ್ಕೆ ಆ ಭಾಗ್ಯವಿಲ್ಲ. ಜಿಲ್ಲಾ ಸುದ್ದಿ ತಾಣ, ಸಾಹಿತ್ಯ ಪತ್ರಿಕೆ, ಶಾಲಾ ಕಾಲೇಜು, ಹೊರನಾಡ ಕನ್ನಡ ಸಂಘ ಇವುಗಳ ಎಷ್ಟೋ ವರ್ಷಗಳ ದಾಖಲೆ ಒಂದೇ ಸರ್ವರ್‌ನಲ್ಲಿ ಕುಳಿತಿರುವುದುಂಟು. ಆ ಸರ್ವರ್ ಕೈಕೊಟ್ಟ ದಿನ ಬ್ಯಾಕಪ್ ಹುಡುಕಹೊರಡುವುದು ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆಯೇ ಸರಿ.

ಹಾಗಾದರೆ ನಂಬಲರ್ಹವಾದ ಬ್ಯಾಕಪ್ ವ್ಯವಸ್ಥೆಯನ್ನು ಆರಿಸುವುದು ಹೇಗೆ? ಬೆಲೆ, ಸ್ಥಳಾವಕಾಶ, ಸ್ವಯಂಚಾಲಿತ ಸೌಲಭ್ಯ ಇವೆಲ್ಲ ನಂತರದ ಮಾತು. ಕಳೆದುಹೋದ ತಾಣವನ್ನು ಅದು ನಿಜಕ್ಕೂ ಮರಳಿ ನಿಲ್ಲಿಸಬಲ್ಲದೇ ಎಂಬುದೇ ಮೊದಲ ಪ್ರಶ್ನೆ.

ಏನೇನು ಉಳಿಸಬೇಕು?

ಇಂದಿನ ಬಹುತೇಕ ತಾಣಗಳಲ್ಲಿ ಎರಡು ಮುಖ್ಯ ಭಾಗಗಳಿರುತ್ತವೆ. ಚಿತ್ರ, ವಿನ್ಯಾಸ, ತಂತ್ರಾಂಶ ಮುಂತಾದ ಕಡತಗಳದ್ದು ಒಂದು ಭಾಗ. ಲೇಖನ, ಪ್ರತಿಕ್ರಿಯೆ, ಬಳಕೆದಾರರ ವಿವರಗಳನ್ನು ಹಿಡಿದಿಟ್ಟುಕೊಂಡ ಡೇಟಾಬೇಸ್ ಇನ್ನೊಂದು. ಕಡತಗಳನ್ನಷ್ಟೇ ನಕಲು ಮಾಡಿಕೊಂಡು ನಿಶ್ಚಿಂತರಾಗಿರುವುದು ಸಾಮಾನ್ಯವಾಗಿ ಕಂಡುಬರುವ ತಪ್ಪು. ವರ್ಡ್‌ಪ್ರೆಸ್‌ನಂತಹ ತಂತ್ರಾಂಶದಲ್ಲಿ ಬರಹವೆಲ್ಲ ಇರುವುದು ಡೇಟಾಬೇಸ್‌ನಲ್ಲಿ. ಅದಿಲ್ಲದಿದ್ದರೆ ಉಳಿಯುವುದು ಖಾಲಿ ಚೌಕಟ್ಟು ಮತ್ತು ಒಂದಿಷ್ಟು ಚಿತ್ರಗಳು ಮಾತ್ರ.

ಇವೆರಡರ ಜತೆಗೆ ಡೊಮೈನ್ ಹೆಸರಿನ ಸೆಟ್ಟಿಂಗ್‌ಗಳು, ಸರ್ವರ್‌ನ ಸಂರಚನೆ, ಬಳಸಿದ ತಂತ್ರಾಂಶಗಳ ಆವೃತ್ತಿ ಇವುಗಳ ವಿವರವನ್ನೂ ಬರೆದಿಡಬೇಕು. ಡೊಮೈನ್ ನೋಂದಣಿಯ ಪಾಸ್‌ವರ್ಡ್ ಕೆಲಸ ಬಿಟ್ಟು ಹೋದ ಸಿಬ್ಬಂದಿಯೊಬ್ಬರ ಬಳಿ ಮಾತ್ರ ಇದ್ದರೆ ಬ್ಯಾಕಪ್ ಎಷ್ಟೇ ಚೆನ್ನಾಗಿದ್ದರೂ ತಾಣ ಹಳೆಯ ವಿಳಾಸದಲ್ಲಿ ಕಾಣಿಸಿಕೊಳ್ಳುವುದು ಕಷ್ಟ.

ಯಾವುದು ಬ್ಯಾಕಪ್ ಅಲ್ಲ?

ಎರಡು ಹಾರ್ಡ್‌ಡಿಸ್ಕ್‌ಗಳಲ್ಲಿ ಒಂದೇ ಮಾಹಿತಿಯನ್ನು ಏಕಕಾಲಕ್ಕೆ ಬರೆಯುವ ವ್ಯವಸ್ಥೆಗೆ ರೇಡ್ ಎನ್ನುತ್ತಾರೆ. ಒಂದು ಡಿಸ್ಕ್ ಕೆಟ್ಟರೂ ತಾಣ ನಿಲ್ಲದಂತೆ ಇದು ಕಾಯುತ್ತದೆ. ಆದರೆ ತಪ್ಪಾಗಿ ಅಳಿಸಿದ ಕಡತ ಎರಡೂ ಡಿಸ್ಕ್‌ಗಳಿಂದ ಒಟ್ಟಿಗೇ ಅಳಿಸಿಹೋಗುತ್ತದೆ. ಜರ್ನಲ್‌ಸ್ಪೇಸ್ ಎಂಬ ಬ್ಲಾಗ್ ತಾಣ ಇದನ್ನೇ ನಂಬಿಕೊಂಡಿತ್ತು. 2008ರ ಡಿಸೆಂಬರ್‌ನಲ್ಲಿ ಅದರ ಡೇಟಾಬೇಸ್ ಅಳಿಸಿಹೋದಾಗ ಬೇರೆಡೆ ಪ್ರತಿ ಇರಲಿಲ್ಲ. ಬಳಕೆದಾರರು ಹಲವು ವರ್ಷಗಳಿಂದ ಬರೆದಿದ್ದೆಲ್ಲ ನಷ್ಟವಾಗಿ ತಾಣವೇ ಮುಚ್ಚಿತು.

ಎರಡು ಕಡೆಯ ಕಡತಗಳನ್ನು ಸದಾ ಒಂದೇ ಸ್ಥಿತಿಯಲ್ಲಿಡುವ ಸಿಂಕ್ ವ್ಯವಸ್ಥೆಗೂ ಇದೇ ಮಾತು ಅನ್ವಯಿಸುತ್ತದೆ. ಮೂಲ ಕೆಟ್ಟರೆ ಪ್ರತಿಯೂ ಕೆಡುತ್ತದೆ. ಇಂಟರ್‌ನೆಟ್ ಆರ್ಕೈವ್ ಸಂಸ್ಥೆಯ ವೇಬ್ಯಾಕ್ ಮಷಿನ್‌ನಲ್ಲಿ ಹಳೆಯ ಪುಟಗಳು ಸಿಗಬಹುದು. ಆದರೆ ಅದು ಎಲ್ಲ ಪುಟಗಳನ್ನೂ ಸಂಗ್ರಹಿಸುವುದಿಲ್ಲ, ಡೇಟಾಬೇಸನ್ನಂತೂ ಉಳಿಸುವುದೇ ಇಲ್ಲ. ಅದು ಕೊನೆಯ ಆಸರೆಯೇ ಹೊರತು ವ್ಯವಸ್ಥೆಯಲ್ಲ.

ಮೂರು, ಎರಡು, ಒಂದು

ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಡಿಜಿಟಲ್ ಚಿತ್ರಗಳ ಸಂರಕ್ಷಣೆ ಕುರಿತ ತಮ್ಮ ಪುಸ್ತಕದ ಮೂಲಕ ಜನಪ್ರಿಯಗೊಳಿಸಿದ ಸೂತ್ರವೊಂದು ಇಂದು ಎಲ್ಲೆಡೆ ಬಳಕೆಯಲ್ಲಿದೆ. ಮಾಹಿತಿಯ ಒಟ್ಟು ಮೂರು ಪ್ರತಿಗಳಿರಬೇಕು. ಅವು ಎರಡು ಬಗೆಯ ಮಾಧ್ಯಮಗಳಲ್ಲಿರಬೇಕು. ಒಂದು ಪ್ರತಿ ಬೇರೆ ಸ್ಥಳದಲ್ಲಿರಬೇಕು. ಸರ್ವರ್‌ನಲ್ಲಿರುವ ಮೂಲ, ಬೇರೆ ಕಂಪನಿಯ ಕ್ಲೌಡ್ ಸಂಗ್ರಹದಲ್ಲಿ ಒಂದು ಪ್ರತಿ, ಕಚೇರಿಯ ಹೊರ ಹಾರ್ಡ್‌ಡಿಸ್ಕ್‌ನಲ್ಲಿ ಮತ್ತೊಂದು ಪ್ರತಿ ಇದ್ದರೆ ಸಣ್ಣ ತಾಣವೂ ಈ ಸೂತ್ರವನ್ನು ಪಾಲಿಸಿದಂತಾಗುತ್ತದೆ.

‘ಬೇರೆ ಕಂಪನಿ’ ಎಂಬ ಮಾತಿಗೆ ಮಹತ್ವವಿದೆ. 2024ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಯೂನಿಸೂಪರ್ ಎಂಬ ಪಿಂಚಣಿ ನಿಧಿಯ ಗೂಗಲ್ ಕ್ಲೌಡ್ ವ್ಯವಸ್ಥೆ, ಸಂರಚನೆಯ ದೋಷವೊಂದರಿಂದ ಅಳಿಸಿಹೋಯಿತು. 6 ಲಕ್ಷಕ್ಕೂ ಹೆಚ್ಚು ಸದಸ್ಯರಿರುವ ಈ ಸಂಸ್ಥೆ ಮತ್ತೊಂದು ಕಂಪನಿಯ ಬಳಿಯೂ ಬ್ಯಾಕಪ್ ಇರಿಸಿತ್ತು. ಅದು ಚೇತರಿಕೆಗೆ ನೆರವಾಯಿತು.

ಮಾಹಿತಿ ಬಹಳ ದೊಡ್ಡದು, ಪ್ರತಿ ಇಡಲಾಗದು ಎಂಬ ನೆಪವೂ ದುಬಾರಿಯಾದೀತು. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್ ನಗರದ ಸರ್ಕಾರಿ ದತ್ತಾಂಶ ಕೇಂದ್ರದಲ್ಲಿ ಬೆಂಕಿ ಕಾಣಿಸಿಕೊಂಡಿತು. ಸರ್ಕಾರಿ ನೌಕರರ ಕಡತ ಸಂಗ್ರಹವಾಗಿದ್ದ ‘ಜಿ-ಡ್ರೈವ್’ನ 858 ಟೆರಾಬೈಟ್ ಮಾಹಿತಿ ನಾಶವಾಯಿತು. ಗಾತ್ರ ದೊಡ್ಡದೆಂಬ ಕಾರಣಕ್ಕೆ ಅದರ ಬ್ಯಾಕಪ್ ಬೇರೆಡೆ ಇರಲಿಲ್ಲ.

ಬೀಗದ ಕೈ ಬೇರೆ ಇರಲಿ

ಸ್ಥಳ ಬೇರೆಯಾದರೂ ಕೀಲಿಕೈ ಒಂದೇ ಆಗಿದ್ದರೆ ಪ್ರಯೋಜನವಿಲ್ಲ. ತಂತ್ರಾಂಶ ಅಭಿವೃದ್ಧಿಗಾರರಿಗೆ ಸಂಗ್ರಹ ಸೇವೆ ನೀಡುತ್ತಿದ್ದ ಕೋಡ್ ಸ್ಪೇಸಸ್ ಎಂಬ ಕಂಪನಿಯ ಕ್ಲೌಡ್ ನಿಯಂತ್ರಣ ಪುಟವನ್ನು 2014ರ ಜೂನ್‌ನಲ್ಲಿ ದುಷ್ಕರ್ಮಿಯೊಬ್ಬ ವಶಪಡಿಸಿಕೊಂಡು ಹಣ ಕೇಳಿದ. ಕಂಪನಿ ನಿಯಂತ್ರಣ ಮರಳಿ ಪಡೆಯಲು ಯತ್ನಿಸಿದಾಗ ಮಾಹಿತಿಯನ್ನೂ ಬ್ಯಾಕಪ್‌ಗಳನ್ನೂ ಒಟ್ಟಿಗೇ ಅಳಿಸತೊಡಗಿದ. 12 ಗಂಟೆಗಳೊಳಗೆ ಬಹುಪಾಲು ನಾಶವಾಗಿ ಕಂಪನಿ ಬಾಗಿಲು ಮುಚ್ಚಿತು.

ಆದ್ದರಿಂದ ಬ್ಯಾಕಪ್ ಇರುವ ಖಾತೆಗೆ ಪ್ರತ್ಯೇಕ ಪಾಸ್‌ವರ್ಡ್ ಮತ್ತು ಎರಡು ಹಂತದ ದೃಢೀಕರಣ ಅಗತ್ಯ. ತಾಣದ ಸರ್ವರ್‌ಗೆ ಹೊಸ ಪ್ರತಿ ಸೇರಿಸುವ ಅಧಿಕಾರ ಮಾತ್ರ ಇರಲಿ, ಹಳೆಯದನ್ನು ಅಳಿಸುವ ಅಧಿಕಾರ ಬೇಡ. ನಿಗದಿತ ಅವಧಿಯವರೆಗೆ ಯಾರೂ ಅಳಿಸಲಾಗದಂತೆ ಬೀಗ ಹಾಕುವ ಸೌಲಭ್ಯವನ್ನು ಅನೇಕ ಕ್ಲೌಡ್ ಸಂಗ್ರಹ ಸೇವೆಗಳು ನೀಡುತ್ತವೆ. ಓದುಗರ ಹೆಸರು, ಮಿಂಚಂಚೆ, ದೂರವಾಣಿ ಸಂಖ್ಯೆ ಬ್ಯಾಕಪ್‌ನಲ್ಲಿಯೂ ಇರುವುದರಿಂದ ಅದನ್ನು ಗೂಢಲಿಪೀಕರಿಸಿ ಇರಿಸಬೇಕು. ಆ ಕೀಲಿ ಸರ್ವರ್‌ನಲ್ಲಿ ಮಾತ್ರ ಇದ್ದರೆ ಸರ್ವರ್ ಜತೆಗೇ ಅದೂ ಹೋಗುತ್ತದೆ ಎಂಬುದು ನೆನಪಿರಲಿ.

ಎಷ್ಟು ನಷ್ಟ ಸಹ್ಯ?

ಎಷ್ಟು ಬಾರಿ ಬ್ಯಾಕಪ್ ತೆಗೆಯಬೇಕೆಂಬುದು ಎರಡು ಪ್ರಶ್ನೆಗಳನ್ನು ಅವಲಂಬಿಸಿದೆ. ಎಷ್ಟು ಹೊತ್ತಿನ ಕೆಲಸ ಕಳೆದುಹೋದರೆ ತಡೆದುಕೊಳ್ಳಬಹುದು? ಎಷ್ಟು ಹೊತ್ತಿನಲ್ಲಿ ತಾಣ ಮರಳಿ ತೆರೆದುಕೊಳ್ಳಬೇಕು? ತಿಂಗಳಿಗೊಂದು ಪ್ರಕಟಣೆ ಹಾಕುವ ಸಂಘದ ತಾಣಕ್ಕೆ ವಾರಕ್ಕೊಂದು ಬ್ಯಾಕಪ್ ಸಾಕು. ದಿನವಿಡೀ ಸುದ್ದಿ ಪ್ರಕಟಿಸುವ ತಾಣಕ್ಕೆ ಡೇಟಾಬೇಸ್‌ನ ಪ್ರತಿ ಗಂಟೆಗೊಮ್ಮೆಯಾದರೂ ಬೇಕಾದೀತು. ಹಣ ಪಾವತಿ ನಡೆಯುವ ಮಾರಾಟ ತಾಣಕ್ಕೆ ಗಂಟೆಯೂ ಹೆಚ್ಚೇ.

ಹಳೆಯ ಪ್ರತಿಗಳನ್ನು ಎಷ್ಟು ಕಾಲ ಇಡಬೇಕೆಂಬುದೂ ಅಷ್ಟೇ ಮುಖ್ಯ. ದುಷ್ಟ ತಂತ್ರಾಂಶ ತಾಣದೊಳಗೆ ಸೇರಿ ವಾರಗಟ್ಟಲೆ ಸದ್ದಿಲ್ಲದೆ ಕುಳಿತಿರುವುದುಂಟು. ಕೊನೆಯ ಮೂರು ದಿನಗಳ ಪ್ರತಿ ಮಾತ್ರ ಇದ್ದರೆ ಮೂರರಲ್ಲೂ ಸೋಂಕು ಇರುತ್ತದೆ. ದಿನದ 7, ವಾರದ 4, ತಿಂಗಳ 12 ಪ್ರತಿಗಳನ್ನು ಉಳಿಸಿಕೊಳ್ಳುವುದು ರೂಢಿಯಲ್ಲಿರುವ ಒಂದು ಕ್ರಮ. 2 ಗಿಗಾಬೈಟ್ ಗಾತ್ರದ ತಾಣಕ್ಕೆ ಈ 23 ಪೂರ್ಣ ಪ್ರತಿಗಳು 46 ಗಿಗಾಬೈಟ್ ಸ್ಥಳ ಬೇಡುತ್ತವೆ. ಬದಲಾದ ಭಾಗವನ್ನಷ್ಟೇ ಉಳಿಸುವ ವಿಧಾನದಲ್ಲಿ ಸ್ಥಳ ಬಹಳ ಕಡಿಮೆ ಸಾಕು. ಆದರೆ ಅದರಲ್ಲಿ ನಡುವಿನ ಒಂದು ಕೊಂಡಿ ಕೆಟ್ಟರೆ ಅದನ್ನು ಅವಲಂಬಿಸಿದ ಮುಂದಿನ ಪ್ರತಿಗಳೂ ಕೆಡಬಹುದಾದ್ದರಿಂದ ಆಗಾಗ ಪೂರ್ಣ ಪ್ರತಿ ತೆಗೆಯುವುದು ಕ್ಷೇಮ.

ಕನ್ನಡ ಅಕ್ಷರಗಳ ಕಥೆ

ಕನ್ನಡ ತಾಣಗಳಿಗೆ ವಿಶೇಷವಾದ ಅಪಾಯವೊಂದಿದೆ. ಯೂನಿಕೋಡ್‌ನ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್ ಸಾಕಾದರೆ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು. ‘ಕನ್ನಡ’ ಎಂಬ ಪದ ಗಣಕಕ್ಕೆ 5 ಸಂಕೇತಗಳು, ಒಟ್ಟು 15 ಬೈಟ್. ಬಹುತೇಕ ತಾಣಗಳು ಬಳಸುವ ಮೈಎಸ್‌ಕ್ಯೂಎಲ್ ಡೇಟಾಬೇಸ್‌ನ 8.0 ಆವೃತ್ತಿಗೆ ಮುಂಚೆ, ಬೇರೆ ಸೂಚನೆ ಕೊಡದಿದ್ದರೆ ಅದು ಆಯ್ದುಕೊಳ್ಳುತ್ತಿದ್ದುದು ಪಶ್ಚಿಮ ಯುರೋಪಿನ ಭಾಷೆಗಳಿಗಾಗಿ ಇದ್ದ ‘ಲ್ಯಾಟಿನ್-1’ ಅಕ್ಷರ ಪಟ್ಟಿಯನ್ನು. ಬ್ಯಾಕಪ್ ತೆಗೆಯುವಾಗ ಅಥವಾ ಮರಳಿ ಸ್ಥಾಪಿಸುವಾಗ ಈ ಪಟ್ಟಿ ಅದಲುಬದಲಾದರೆ ಕನ್ನಡ ಬರಹ ಅರ್ಥವಿಲ್ಲದ ಚಿಹ್ನೆಗಳಾಗಿ ಮಾರ್ಪಡುತ್ತದೆ. ಕೆಲವೊಮ್ಮೆ ಅದನ್ನು ಸರಿಪಡಿಸಬಹುದು. ಪ್ರತಿ ಅಕ್ಷರವೂ ಪ್ರಶ್ನಾರ್ಥಕ ಚಿಹ್ನೆಯಾಗಿಬಿಟ್ಟರೆ ಮಾತ್ರ ಆ ಪ್ರತಿಯಿಂದ ಮೂಲ ಬರಹವನ್ನು ಪಡೆಯುವ ದಾರಿಯೇ ಇಲ್ಲ.

ಬ್ಯಾಕಪ್ ಕಡತ ಯಶಸ್ವಿಯಾಗಿ ತಯಾರಾಯಿತು ಎಂಬ ಸಂದೇಶ ಈ ದೋಷವನ್ನು ಹೇಳುವುದಿಲ್ಲ. ಒತ್ತಕ್ಷರಗಳಿರುವ ಕೆಲವು ಹಳೆಯ ಲೇಖನಗಳನ್ನು ತೆರೆದು ಕಣ್ಣಾರೆ ನೋಡುವುದೇ ಪರೀಕ್ಷೆ. ಯೂನಿಕೋಡ್‌ಗೆ ಮುಂಚಿನ ಫಾಂಟ್‌ಗಳಲ್ಲಿ ಸಿದ್ಧಪಡಿಸಿದ ಹಳೆಯ ಪುಟಗಳಿದ್ದಲ್ಲಿ ಆಯಾ ಫಾಂಟ್ ಕಡತವನ್ನೂ ಪರಿವರ್ತಕ ತಂತ್ರಾಂಶವನ್ನೂ ಜತೆಗೇ ಉಳಿಸಬೇಕು. ಫಾಂಟ್ ಇಲ್ಲದೆ ಆ ಪುಟಗಳು ಓದಲು ಬಾರವು.

ಯಾವ ಮಾರ್ಗ?

ಹೋಸ್ಟಿಂಗ್ ಕಂಪನಿಯೇ ನೀಡುವ ಬ್ಯಾಕಪ್ ಅತ್ಯಂತ ಸುಲಭ. ಆದರೆ ಅದು ಅದೇ ಕಂಪನಿಯ ವಶದಲ್ಲಿರುತ್ತದೆ. ಅನೇಕ ಕಂಪನಿಗಳ ಕರಾರಿನಲ್ಲಿ ‘ಬ್ಯಾಕಪ್ ಗ್ರಾಹಕರದೇ ಹೊಣೆ’ ಎಂಬ ಸಾಲು ಇರುತ್ತದೆ. ವರ್ಡ್‌ಪ್ರೆಸ್ ಬಳಸುವವರಿಗೆ ಅಪ್‌ಡ್ರಾಫ್ಟ್‌ಪ್ಲಸ್, ಡುಪ್ಲಿಕೇಟರ್‌ನಂತಹ ಪ್ಲಗಿನ್‌ಗಳಿವೆ. ಸಣ್ಣ ತಾಣಕ್ಕೆ ಅವು ಅನುಕೂಲವಾದರೂ ಅಗ್ಗದ ಹೋಸ್ಟಿಂಗ್‌ನಲ್ಲಿ ತಾಣ ದೊಡ್ಡದಾದಂತೆ ಅರ್ಧಕ್ಕೇ ನಿಂತುಹೋಗುವ ಸಂಭವವಿದೆ. ತಿಂಗಳ ಶುಲ್ಕದ ಪ್ರತ್ಯೇಕ ಬ್ಯಾಕಪ್ ಸೇವೆಗಳು ಪ್ರತಿಯನ್ನು ತಮ್ಮದೇ ಸರ್ವರ್‌ನಲ್ಲಿ ಇರಿಸುತ್ತವೆ. ತಾಂತ್ರಿಕ ಪರಿಣತರು ಸ್ವಂತ ಸ್ಕ್ರಿಪ್ಟ್ ಬರೆದು ಕ್ಲೌಡ್ ಸಂಗ್ರಹಕ್ಕೆ ಕಳುಹಿಸುವುದೂ ಉಂಟು. ಇದರಲ್ಲಿ ಖರ್ಚು ಕಡಿಮೆ, ಆದರೆ ಬರೆದವರು ಹೊರಟುಹೋದರೆ ನೋಡಿಕೊಳ್ಳುವವರಿರುವುದಿಲ್ಲ.

ಯಾವುದನ್ನು ಆರಿಸಿದರೂ ಹಣ ಕೊಡುವ ಮುನ್ನ ಈ ಪ್ರಶ್ನೆಗಳಿಗೆ ಲಿಖಿತ ಉತ್ತರ ಪಡೆಯುವುದು ಒಳ್ಳೆಯದು:

* ಪ್ರತಿ ಯಾವ ನಗರದಲ್ಲಿ, ಯಾವ ಕಂಪನಿಯ ಬಳಿ ಇರುತ್ತದೆ?
* ಕಡತ ಮತ್ತು ಡೇಟಾಬೇಸ್ ಎರಡೂ ಸೇರಿವೆಯೇ?
* ಎಷ್ಟು ಹಳೆಯ ಪ್ರತಿಯವರೆಗೆ ಹಿಂದಕ್ಕೆ ಹೋಗಬಹುದು?
* ಒಂದೇ ಕಡತವನ್ನು ಮಾತ್ರ ಮರಳಿ ಪಡೆಯಲು ಸಾಧ್ಯವೇ?
* ಮರಳಿ ಸ್ಥಾಪಿಸಲು ಪ್ರತ್ಯೇಕ ಶುಲ್ಕವಿದೆಯೇ, ಎಷ್ಟು ಸಮಯ ಬೇಕು?
* ಸೇವೆ ಬಿಟ್ಟರೂ ಪ್ರತಿಯನ್ನು ಸಾಮಾನ್ಯ ಸ್ವರೂಪದಲ್ಲಿ ಇಳಿಸಿಕೊಳ್ಳಬಹುದೇ?
* ಬ್ಯಾಕಪ್ ವಿಫಲವಾದರೆ ಯಾರಿಗೆ, ಹೇಗೆ ತಿಳಿಸಲಾಗುತ್ತದೆ?

ಪರೀಕ್ಷೆಯೇ ಪ್ರಮಾಣ

ಕೊನೆಯ ಪ್ರಶ್ನೆ ಕ್ಷುಲ್ಲಕವೆನಿಸಬಹುದು. ಆದರೆ ತಂತ್ರಜ್ಞರೇ ಬಳಸುವ ಗಿಟ್‌ಲ್ಯಾಬ್ ತಾಣ ಅದರಲ್ಲಿಯೇ ಎಡವಿತ್ತು. 2017ರ ಜನವರಿ 31ರಂದು ಅಲ್ಲಿನ ಎಂಜಿನಿಯರೊಬ್ಬರು ದೋಷ ಸರಿಪಡಿಸುವ ಯತ್ನದಲ್ಲಿ ತಪ್ಪಾಗಿ ಮುಖ್ಯ ಸರ್ವರ್‌ನ ಡೇಟಾಬೇಸನ್ನೇ ಅಳಿಸಿದರು. ಸುಮಾರು 300 ಗಿಗಾಬೈಟ್‌ನಲ್ಲಿ 4.5 ಗಿಗಾಬೈಟ್ ಮಾತ್ರ ಉಳಿಯಿತು. ಬ್ಯಾಕಪ್‌ಗಾಗಿ ಹಲವು ವ್ಯವಸ್ಥೆಗಳಿದ್ದವು. ತೆರೆದು ನೋಡಿದರೆ ಕ್ಲೌಡ್ ಸಂಗ್ರಹ ಬರಿದಾಗಿತ್ತು! ಬ್ಯಾಕಪ್ ತಂತ್ರಾಂಶದ ಆವೃತ್ತಿಯು ಡೇಟಾಬೇಸ್‌ನ ಆವೃತ್ತಿಗೆ ಹೊಂದದೆ ಕೆಲಸ ನಿಂತುಹೋಗಿತ್ತು. ವೈಫಲ್ಯ ತಿಳಿಸಬೇಕಿದ್ದ ಮಿಂಚಂಚೆಗಳು ಸೂಕ್ತ ದೃಢೀಕರಣವಿಲ್ಲದ ಕಾರಣ ಸಿಬ್ಬಂದಿಗೆ ತಲುಪಿರಲೇ ಇಲ್ಲ. ಬೇರೊಂದು ಕೆಲಸಕ್ಕೆಂದು ಸುಮಾರು 6 ಗಂಟೆಗಳ ಹಿಂದೆ ತೆಗೆದಿದ್ದ ಪ್ರತಿಯೊಂದು ಅದೃಷ್ಟವಶಾತ್ ಸಿಕ್ಕಿ ತಾಣ ಉಳಿಯಿತು. ಆ 6 ಗಂಟೆಗಳ ಮಾಹಿತಿ ಮಾತ್ರ ಹೋಯಿತು.

ಆದುದರಿಂದ ಮೂರು ತಿಂಗಳಿಗೊಮ್ಮೆಯಾದರೂ ಬ್ಯಾಕಪ್ ಪ್ರತಿಯನ್ನು ಖಾಲಿ ಸರ್ವರ್‌ನಲ್ಲಿ ಅಥವಾ ಕಚೇರಿಯ ಗಣಕದಲ್ಲಿ ಸ್ಥಾಪಿಸಿ ನೋಡಬೇಕು. ಲೇಖನಗಳ ಸಂಖ್ಯೆ ಮೂಲದೊಂದಿಗೆ ತಾಳೆಯಾಗುತ್ತದೆಯೇ, ಚಿತ್ರಗಳು ಕಾಣುತ್ತವೆಯೇ, ಕನ್ನಡ ಸರಿಯಾಗಿ ಮೂಡುತ್ತದೆಯೇ, ಲಾಗಿನ್ ಆಗುತ್ತದೆಯೇ ಎಂದು ಪರಿಶೀಲಿಸಿ, ತಗುಲಿದ ಸಮಯವನ್ನು ಗುರುತು ಹಾಕಿಕೊಳ್ಳಬೇಕು. ವ್ಯವಸ್ಥೆಯನ್ನು ರೂಪಿಸಿದವರ ಬದಲು ಬೇರೊಬ್ಬ ಸಿಬ್ಬಂದಿ, ಬರೆದಿಟ್ಟ ಸೂಚನೆಗಳನ್ನಷ್ಟೇ ಓದಿಕೊಂಡು ಈ ಕೆಲಸ ಮಾಡಿ ಮುಗಿಸಿದರೆ ಆ ವ್ಯವಸ್ಥೆ ನಂಬಲು ಯೋಗ್ಯ. ಮುಗಿಸಲಾಗದಿದ್ದರೆ ದೋಷ ಎಲ್ಲಿದೆಯೆಂದು ತಾಣ ಇನ್ನೂ ನಡೆಯುತ್ತಿರುವಾಗಲೇ ತಿಳಿದಂತಾಯಿತು. ಅದನ್ನು ತಿದ್ದಿಕೊಳ್ಳಲು ಆಗಿನ್ನೂ ಸಮಯವಿರುತ್ತದೆ.